ಪುಣೆಯ ಮನೆಯಂಗಳದಲ್ಲಿ ಚಳಿಗಾಲದ ಬೆಳ್ಳುಳ್ಳಿ ಬೆಳೆಯುವುದು ಹೇಗೆ?

ಪುಣೆಯಲ್ಲಿ ಮಳೆ ನಿಂತು ಮಣ್ಣು ಹದಕ್ಕೆ ಬರುವ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಬೆಳ್ಳುಳ್ಳಿ ನೆಡುವುದು ಸೂಕ್ತ. ಎಲೆ ಬೆಳೆಯುವ ಹಂತದಲ್ಲಿ ತಂಪು, ಗಡ್ಡೆ ಕಟ್ಟುವಾಗ ತುಸು ದೀರ್ಘ ಹಗಲು ಮತ್ತು ಏರುವ ಬಿಸಿಲು ಬೇಕಾಗುವುದರಿಂದ, ಸಂಕ್ರಾಂತಿ ಕಳೆದ ಮೇಲೆ ನೆಟ್ಟರೆ ಸೊಪ್ಪು ಸಿಗುತ್ತದೆಯೇ ಹೊರತು ಒಳ್ಳೆಯ ಗಡ್ಡೆ ಸಿಗುವುದು ಕಷ್ಟ. ಚಳಿ ಅಷ್ಟಾಗಿ ಬೀಳದ ಮುಂಬಯಿಯಲ್ಲಂತೂ ಸೊಪ್ಪಿಗಾಗಿಯೇ ಬೆಳೆಯುವುದು ಲೇಸೆಂದು ನನ್ನ ಅಭಿಪ್ರಾಯ.

ಬೀಜದ ಆಯ್ಕೆಯಲ್ಲಿ ಎಚ್ಚರ ಬೇಕು. ಹಿಮಾಲಯದ ಕಡೆಯ ದಪ್ಪ ಎಸಳಿನ ತಳಿಗಳು ದೀರ್ಘ ಹಗಲನ್ನು ಬಯಸುವುದರಿಂದ ಇಲ್ಲಿ ಸರಿಯಾಗಿ ಗಡ್ಡೆ ಕಟ್ಟುವುದಿಲ್ಲ. ಪುಣೆ ಜಿಲ್ಲೆಯ ರಾಜಗುರುನಗರದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ ಭೀಮಾ ಪರ್ಪಲ್ ತಳಿ ಸಿಕ್ಕರೆ ಬೇರೆಯದನ್ನು ಹುಡುಕಬೇಕಾಗಿಲ್ಲ. ಊರಿನಿಂದ ತಂದ ಜವಾರಿ ಬೆಳ್ಳುಳ್ಳಿಯೂ ಒಗ್ಗುತ್ತದೆ, ಒಗ್ಗರಣೆಗೆ ಅದರ ಘಮವೇ ಬೇರೆ. ಹೊರಸುತ್ತಿನ ದೊಡ್ಡ ಎಸಳುಗಳನ್ನು ಸಿಪ್ಪೆ ಸುಲಿಯದೆ, ಚೂಪು ತುದಿ ಮೇಲೆ ಬರುವಂತೆ, 2–3 ಸೆಂ.ಮೀ. ಆಳಕ್ಕೆ, ಎಸಳುಗಳ ನಡುವೆ 10 ಹಾಗೂ ಸಾಲುಗಳ ನಡುವೆ 15 ಸೆಂ.ಮೀ. ಅಂತರ ಬಿಟ್ಟು ಊರಬೇಕು. ಕಪ್ಪು ಜೇಡಿಮಣ್ಣಾದರೆ ನೀರು ನಿಲ್ಲದಂತೆ ಏರುಮಡಿ ಮಾಡಿ, ಕಳಿತ ಗೊಬ್ಬರ ಸೇರಿಸಿ. ಸುಮಾರು ನಾಲ್ಕು ತಿಂಗಳಾದ ಮೇಲೆ ಎಲೆಗಳು ಹಳದಿಯಾಗಿ ಬಾಗತೊಡಗಿದಾಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಕಿತ್ತು, ಸೊಪ್ಪಿನ ಸಮೇತ ನೆರಳಿನಲ್ಲಿ ಒಣಗಿಸಬೇಕು.