ಬಿರುಕು ಬಿಟ್ಟ ಕಾಂಕ್ರೀಟಿಗೆ ಲಿಥಿಯಂ ಹೊಡೆಸಿದರೆ ಸರಿಹೋಗುತ್ತಾ?

ಹ್ಯೂಸ್ಟನ್ನಿನಲ್ಲಿ ನಿಮ್ಮ ಕಾಲೊನಿಯ ತಡೆಗೋಡೆ ತುಂಬ ಜೇಡರ ಬಲೆಯಂಥ ಬಿರುಕು ಬಿದ್ದಿದೆ. ಇದು ಎಎಸ್‌ಆರ್ (ಆಲ್ಕಲಿ-ಸಿಲಿಕಾ ರಿಯಾಕ್ಷನ್, ಅಂದರೆ ಸಿಮೆಂಟಿನ ಕ್ಷಾರಕ್ಕೂ ಜಲ್ಲಿಯ ಸಿಲಿಕಾಗೂ ನಡೆಯುವ ರಾಸಾಯನಿಕ ಕ್ರಿಯೆ), ಲಿಥಿಯಂ ಸ್ಪ್ರೇ ಮಾಡಿದರೆ ವಾಸಿಯಾಗುತ್ತೆ ಅಂತ ಕಂಟ್ರಾಕ್ಟರ್ ಹೇಳಿದ್ದಾನೆ. ದುಡ್ಡು ಕೊಡೋದಾ ಬೇಡ್ವಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ನಾನು ಟೆಕ್ಸಸ್‌ನಲ್ಲೇ ಸೇತುವೆ ರಿಪೇರಿ ಕೆಲಸದಲ್ಲಿದ್ದೇನೆ. ಲಿಥಿಯಂ ಸುಳ್ಳು ಮದ್ದಲ್ಲ. ಆದರೆ ಹೊರಗಿಂದ ಹೊಡೆದರೆ ಅದು ಕಾಯಿಲೆ ಇರುವ ಜಾಗ ಮುಟ್ಟುವುದೇ ಇಲ್ಲ.

ಕೆಲವು ಜಲ್ಲಿ, ಮರಳಿನಲ್ಲಿ ಸುಲಭವಾಗಿ ಕರಗುವ ಸಿಲಿಕಾ ಇರುತ್ತದೆ. ಸಿಮೆಂಟಿನ ಕ್ಷಾರ ಅದನ್ನು ಕರಗಿಸಿ ಅಂಟು ಜೆಲ್ ಮಾಡುತ್ತದೆ. ಜೆಲ್ ನೀರು ಕುಡಿದು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಒಮ್ಮೆ ಒಂದು ಕಂಬದಿಂದ ಕೋರ್ (ಕೊರೆದು ತೆಗೆಯುವ ಉದ್ದ ದುಂಡನೆಯ ತುಂಡು) ತೆಗೆದು ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆವು. ವಾರ ಬಿಟ್ಟು ಬಿಚ್ಚಿದರೆ ಜಲ್ಲಿಯ ಅಂಚಿನ ಸುತ್ತ ಒದ್ದೆ ಹೊಳಪು. ಗ್ಲೌಸಿಗೆ ಹಲಸಿನ ಮೇಣದ ಹಾಗೆ ಅಂಟಿತು. ಕೊಬ್ಬರಿ ಎಣ್ಣೆ ಎಲ್ಲಿ ಅಂತ ಹುಡುಕುವುದೊಂದು ಬಾಕಿ! ಒಣಗಿದ ಮೇಲೆ ಬರೀ ಬಿಳಿ ಪುಡಿ.

ಈ ಕಾಯಿಲೆಯನ್ನು 1940ರಲ್ಲಿ ಗುರುತಿಸಿದ್ದು ಕ್ಯಾಲಿಫೋರ್ನಿಯಾದ ಎಂಜಿನಿಯರ್ ಥಾಮಸ್ ಸ್ಟ್ಯಾಂಟನ್. ಲಿಥಿಯಂ ಲವಣಗಳು ಉಬ್ಬುವಿಕೆ ತಡೆಯುತ್ತವೆ ಅಂತ 1951ರಲ್ಲಿ ಸಂಶೋಧಕರಾದ ಮೆಕಾಯ್ ಮತ್ತು ಕಾಲ್ಡ್‌ವೆಲ್ ತೋರಿಸಿದರು. ಹೊಸ ಕಾಂಕ್ರೀಟ್ ಕಲಸುವಾಗ ಸೇರಿಸಿದರೆ ಒಳ್ಳೆಯ ಉಪಾಯವೇ. ಕ್ಷಾರದ ಪ್ರತಿ ಕೆ.ಜಿ.ಗೆ 30% ಲಿಥಿಯಂ ನೈಟ್ರೇಟ್ ದ್ರಾವಣ 4.6 ಲೀಟರ್ ಅನ್ನುವುದು ಸಾಮಾನ್ಯ ಲೆಕ್ಕ. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ 3 ಕೆ.ಜಿ. ಕ್ಷಾರ ಇದ್ದರೆ ಸುಮಾರು 14 ಲೀಟರ್. ಅಷ್ಟೂ ಮೂಲೆ ಮೂಲೆಗೆ ಬೆರೆಯಬೇಕು. ಗಟ್ಟಿಯಾದ ಗೋಡೆಗೆ ಮೇಲಿಂದ ಅಷ್ಟನ್ನು ಕುಡಿಸೋದು ಹೇಗೆ?

ಅಮೆರಿಕದ ಹೆದ್ದಾರಿ ಇಲಾಖೆ ಇದನ್ನೆಲ್ಲ ರಸ್ತೆ, ಸೇತುವೆಗಳಲ್ಲಿ ಪರೀಕ್ಷಿಸಿದೆ. ಸ್ಪ್ರೇ ಮಾಡಿದ್ದು ಒಳಗಿಳಿದದ್ದು ಕೆಲವೇ ಮಿಲಿಮೀಟರ್. ನಿಮ್ಮ ಹ್ಯೂಸ್ಟನ್ನಿನ ಸೇತುವೆ ಕಂಬಗಳಿಗೆ ಗಾಳಿ ಹೀರಿ ನಿರ್ವಾತ ಮಾಡಿ ಲಿಥಿಯಂ ಒಳಕ್ಕೆ ಎಳೆಸಿದರೂ ಸುಮಾರು 10 ಮಿ.ಮೀ. ಮಾತ್ರ. ಕರೆಂಟ್ ಹಾಯಿಸಿ ತಳ್ಳಿದಾಗ ಒಳಗಿನ ಕಬ್ಬಿಣದ ಕಂಬಿಯವರೆಗೂ ಹೋಯಿತು. ಆದರೆ ಅದೇ ಕರೆಂಟ್ ಸೋಡಿಯಂ, ಪೊಟ್ಯಾಸಿಯಂಗಳನ್ನೂ ಕಂಬಿಯ ಹತ್ತಿರಕ್ಕೆ ಎಳೆದು ತಂದಿತು. ಅವೇ ಅಲ್ವಾ ಕ್ಷಾರ? ಕಳ್ಳನನ್ನು ಓಡಿಸಲು ಹೋಗಿ ಅವನನ್ನೇ ಅಡುಗೆಮನೆಗೆ ಕೂರಿಸಿದ ಹಾಗೆ.

ಮೊದಲು ಕೋರ್ ತೆಗೆಸಿ, ಪೆಟ್ರೋಗ್ರಫಿ ಪರೀಕ್ಷೆ (ಆ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಿ. ಬರೀ ಬಿರುಕು ನೋಡಿ ಎಎಸ್‌ಆರ್ ಅನ್ನಲಾಗದು. ಗೋಡೆ ವಾಲಿದ್ದರೆ ಅದಕ್ಕೂ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಎಎಸ್‌ಆರ್ ಹೌದಾದರೆ ಗೋಡೆಗೆ ನೀರು ತಾಗದ ಹಾಗೆ ಮಾಡಿ. ಕಾಂಕ್ರೀಟಿನೊಳಗಿನ ಸಾಪೇಕ್ಷ ಆರ್ದ್ರತೆ (ಗಾಳಿಯ ತೇವ) 80%ಗಿಂತ ಕೆಳಗಿಳಿದರೆ ಉಬ್ಬುವುದು ಬಹುತೇಕ ನಿಲ್ಲುತ್ತದೆ. ಗೋಡೆ ಹಿಂದಿನ ಮಣ್ಣಿನ ನೀರು ಹೊರಹೋಗುವ ತೂತು ಕಟ್ಟಿಕೊಂಡಿವೆಯಾ ನೋಡಿ. ಸ್ಪ್ರಿಂಕ್ಲರ್ ಸುಮ್ನೆ ಗೋಡೆಗೇ ಹೊಡೀತಿದ್ದರೆ ತಿರುಗಿಸಿ. ಆಮೇಲೆ ಸೈಲೇನ್ ಅನ್ನುವ ರಾಸಾಯನಿಕ ದ್ರವ ಹಚ್ಚಿಸಿ, ಅದು ಹೊರಗಿನ ನೀರು ತಡೆದು ಒಳಗಿನ ಆವಿಯನ್ನು ಬಿಡುತ್ತದೆ. ಮ್ಯಾಸಚೂಸೆಟ್ಸ್‌ನ ಲೆಮಿನ್‌ಸ್ಟರ್‌ನಲ್ಲಿ ಹೆದ್ದಾರಿ ಮಧ್ಯದ ಗೋಡೆಗಳಿಗೆ ಲಿಥಿಯಂ, ಸೈಲೇನ್ ಎರಡನ್ನೂ ಹಚ್ಚಿ ನೋಡಿದಾಗ ಕೆಲಸ ಮಾಡಿದ್ದು ಸೈಲೇನ್. ಬಿದ್ದ ಬಿರುಕನ್ನು ಇದೂ ಕೂಡಿಸಲ್ಲ. ಅದನ್ನು ತುಂಬಿಸುವುದು ಕೊನೆಗೆ, ಉಬ್ಬು ನಿಂತ ಮೇಲೆ.

ಕಂಟ್ರಾಕ್ಟರ್ ಲಿಥಿಯಂ ಬಗ್ಗೆ ಜಾಸ್ತಿ ಒತ್ತಾಯ ಮಾಡಿದರೆ ಒಂದೇ ಪ್ರಶ್ನೆ ಕೇಳಿ: "ಎಷ್ಟು ಆಳ ಇಳಿಯುತ್ತೆ, ಕೋರ್ ತೆಗೆದು ತೋರಿಸ್ತೀರಾ?"