ದಮ್ಮು ಇದ್ದವರಿಗೆ ಕೊರೊನಾ ಬಂದರೆ? ದಿನದ ಪಂಪ್ ಬಿಡಬೇಕಾ?

ಓದುಗರ ಪ್ರಶ್ನೆ, ಶ್ವಾಸಕೋಶ ತಜ್ಞರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟದ ಮನೆ. ಅಮ್ಮನಿಗೆ 61 ವರ್ಷ. ತುಂಬಾ ವರ್ಷದಿಂದ ದಮ್ಮು (ಆಸ್ತಮಾ) ಇದೆ, ಸ್ವಲ್ಪ ಶುಗರೂ ಇದೆ. ಮಂಗಳೂರಿನ ಡಾಕ್ಟರು ದಿನಾ ಎರಡು ಹೊತ್ತು ಎಳೆಯುವ ಪಂಪ್ ಕೊಟ್ಟಿದ್ದಾರೆ. ಉಬ್ಬಸ ಬಂದಾಗ ಮಾತ್ರ ಬಳಸಲು ನೀಲಿ ಪಂಪ್ ಬೇರೆ ಇದೆ. ಈಚೆಗೆ ಪಕ್ಕದ ಮನೆಯಲ್ಲಿ ಇಬ್ಬರಿಗೆ ಕೊರೊನಾ ಬಂತು. "ದಿನದ ಪಂಪಿನಲ್ಲಿ ಸ್ಟೀರಾಯ್ಡ್ ಇದೆ, ಅದು ರೋಗ ತಡೆಯುವ ಶಕ್ತಿ ಕಡಿಮೆ ಮಾಡುತ್ತದೆ" ಎಂದು ಸೋದರಮಾವ ಹೇಳಿದರು. ಅಮ್ಮ ಅವತ್ತಿನಿಂದ ಅದನ್ನು ಬಿಟ್ಟಿದ್ದಾರೆ. ಈಗ ರಾತ್ರಿ ಎದ್ದು ನೀಲಿ ಪಂಪ್ ಎಳೆಯುತ್ತಾರೆ. ದಮ್ಮು ಇದ್ದವರಿಗೆ ಕೊರೊನಾ ಜೋರಾಗುತ್ತದಾ? ಸ್ಟೀರಾಯ್ಡ್ ಪಂಪ್ ನಿಲ್ಲಿಸಿದ್ದು ಸರಿಯಾ?
– ಓದುಗರೊಬ್ಬರು, ಪೆರ್ಲ

ಉತ್ತರ: ಮೊದಲು ಅಮ್ಮನ ದಿನದ ಪಂಪ್ ಇವತ್ತು ಸಂಜೆಯಿಂದಲೇ ಮತ್ತೆ ಶುರು ಮಾಡಿಸಿ. ಉಳಿದದ್ದನ್ನು ಆಮೇಲೆ ಓದಿದರೂ ಸಾಕು.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಪಕ್ಕದ ಮನೆಯ ಕೊರೊನಾ ಅಲ್ಲ, ಅಮ್ಮ ರಾತ್ರಿ ಎದ್ದು ನೀಲಿ ಪಂಪ್ ಹುಡುಕುವುದು. ದಮ್ಮು ಹತೋಟಿ ತಪ್ಪಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಾಗಿಲ್ಲ. ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಬಿಗಿದುಕೊಂಡ ಉಸಿರುನಾಳವನ್ನು ನಾಲ್ಕಾರು ಗಂಟೆ ಸಡಿಲ ಮಾಡುತ್ತದೆ, ಅಷ್ಟೇ. ನಾಳದ ಒಳಗಿನ ಊತ ಹಾಗೇ ಇರುತ್ತದೆ. ಆ ಊತ ಇಳಿಸುವುದು ದಿನದ ಪಂಪಿನ ಸ್ಟೀರಾಯ್ಡ್. ಮಾಡು ಸೋರುವಾಗ ಕೆಳಗೆ ಪಾತ್ರೆ ಇಟ್ಟ ಹಾಗೆ ನೀಲಿ ಪಂಪ್. ಹಂಚು ಸರಿ ಮಾಡುವುದು ಇನ್ನೊಂದು. ನೀಲಿ ಪಂಪ್ ಒಂದನ್ನೇ ನಂಬಿ ಕೂರಬಾರದು ಎಂದು ಆಸ್ತಮಾದ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಹಾಂ, ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ. ಡಬ್ಬಿ ಮೇಲಿನ ಹೆಸರು ಓದಿ.

ನಿಮ್ಮ ಮಾವನ ಮಾತಿಗೂ ಒಂದು ಮೂಲ ಇದೆ, ಸುಮ್ನೆ ಹೇಳಿದ್ದಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ಹೆಚ್ಚು ದಿನ ನುಂಗಿದರೆ ರೋಗ ತಡೆಯುವ ಶಕ್ತಿ ಕುಗ್ಗುವುದು ನಿಜ, ಶುಗರ್ ಏರುವುದೂ ನಿಜ. ಆದರೆ ಪಂಪಿನ ಲೆಕ್ಕವೇ ಬೇರೆ. ದಮ್ಮು ಜೋರಾದಾಗ ನಾವು ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಪಂಪಿನ ಒಂದು ಎಳೆತದಲ್ಲಿ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇರುವುದು ಸಾಮಾನ್ಯವಾಗಿ 100ರಿಂದ 400 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಮದ್ದು, ಶಕ್ತಿಯೂ ಬೇರೆ, ಹಾಗಾಗಿ ತಕ್ಕಡಿಯಲ್ಲಿ ಇಟ್ಟು ಹೋಲಿಸಲು ಆಗುವುದಿಲ್ಲ. ಆದರೂ ಅಂದಾಜು ಸಿಗುತ್ತದೆ, ಅಲ್ವಾ? ಪಂಪಿನ ಮದ್ದು ನೇರ ಉಸಿರುನಾಳಕ್ಕೆ ಹೋಗುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ (ಶಿಲೀಂಧ್ರದ ಪದರ) ಕಟ್ಟುತ್ತದೆ.

ಇನ್ನು ದಮ್ಮು ಇದ್ದವರಿಗೆ ಕೊರೊನಾ ಜೋರಾಗುತ್ತದಾ ಎಂಬ ಪ್ರಶ್ನೆ. 2020ರ ಶುರುವಿನಲ್ಲಿ ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ನೆಗಡಿ ವೈರಸ್ ಬಂದರೇ ದಮ್ಮು ಕೆರಳುತ್ತದೆ, ಇದು ಬಂದರೆ ಗತಿಯೇನು ಎಂಬ ಭಯ. ಅದೇ ವರ್ಷ ಇಂಗ್ಲೆಂಡಿನಲ್ಲಿ 1 ಕೋಟಿ 70 ಲಕ್ಷಕ್ಕೂ ಜಾಸ್ತಿ ವಯಸ್ಕರ ಆರೋಗ್ಯ ದಾಖಲೆ ನೋಡಿ ಒಂದು ದೊಡ್ಡ ಅಧ್ಯಯನ ಬಂತು. ಕೊರೊನಾದಿಂದ ಸಾಯುವ ಅಪಾಯ ಯಾರಿಗೆ ಜಾಸ್ತಿ ಎಂದು ಅದು ಲೆಕ್ಕ ಹಾಕಿತು. ದಮ್ಮು ಇದ್ದೂ ಹಿಂದಿನ ಒಂದು ವರ್ಷದಲ್ಲಿ ಸ್ಟೀರಾಯ್ಡ್ ಮಾತ್ರೆ ಬೇಕಾಗದೇ ಇದ್ದವರಿಗೆ ಅಪಾಯ ಏರಿರಲಿಲ್ಲ. ದಮ್ಮೇ ಇಲ್ಲದವರಷ್ಟೇ ಇತ್ತು. ಮಾತ್ರೆ ನುಂಗುವಷ್ಟು ದಮ್ಮು ಕೆರಳಿದ್ದವರಿಗೆ ಸುಮಾರು ಶೇಕಡಾ 13 ಜಾಸ್ತಿ.

ಅದೇ ಅಧ್ಯಯನದಲ್ಲಿ ಹತೋಟಿ ತಪ್ಪಿದ ಶುಗರ್ ಇದ್ದವರ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು. 80 ದಾಟಿದವರಿಗೆ, ಐವತ್ತರ ಆಚೀಚಿನವರಿಗೆ ಹೋಲಿಸಿದರೆ 20 ಪಟ್ಟು. ಅಮ್ಮನಿಗೆ ಶುಗರ್ ಇದೆ ಎಂದು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಕೊರೊನಾ ಮಟ್ಟಿಗೆ ನಾನಾದರೆ ದಮ್ಮಿಗಿಂತ ಮೊದಲು ಅದನ್ನೇ ಕೇಳುತ್ತಿದ್ದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ.

ಹಾಗಾದರೆ ದಮ್ಮು ಇದ್ದವರು ಬಚಾವಾದದ್ದು ಹೇಗೆ? ಅಲರ್ಜಿಯಿಂದ ದಮ್ಮು ಇರುವವರ ಉಸಿರುನಾಳದಲ್ಲಿ ಕೊರೊನಾ ವೈರಸ್ ಅಂಟಿಕೊಳ್ಳುವ ಎಸಿಇ2 ಎಂಬ ಜಾಗಗಳು ಕಡಿಮೆ ಇರುತ್ತವೆ. ಅದೂ ಒಂದು ಕಾರಣ ಇರಬಹುದು. ಪಂಪಿನ ಸ್ಟೀರಾಯ್ಡ್ ಕೂಡ ಕೆಡುಕು ಮಾಡಲಿಲ್ಲ. ಅದರ ಬದಲು, 2021ರಲ್ಲಿ ಬ್ರಿಟನ್ನಿನಲ್ಲಿ ಕೊರೊನಾ ಬಂದ ಹಿರಿಯರಿಗೆ ಬುಡೆಸೊನೈಡ್ ಪಂಪನ್ನೇ ಕೊಟ್ಟು ನೋಡಿದರು, ಸುಮಾರು ಮೂರು ದಿನ ಬೇಗ ಚೇತರಿಸಿಕೊಂಡರು. ಆ ವರ್ಷ ನಮ್ಮ ದೇಶದ ಕೊರೊನಾ ಚಿಕಿತ್ಸಾ ಸೂಚಿಯಲ್ಲೂ ಅದು ಸೇರಿತ್ತು. ಮಾವನಿಗೆ ಇದನ್ನು ಓದಿ ಹೇಳಿ.

ಈಗ ಮಳೆಗಾಲದ ವಿಚಾರ. ನಿಮ್ಮ ಕಡೆ ಜೂನ್‌ನಿಂದ ಗೋಡೆಗೆ ಬೂಷ್ಟು, ಬಚ್ಚಲ ಒಲೆಯ ಹೊಗೆ, ಆಮೇಲೆ ತೋಟಕ್ಕೆ ಮದ್ದು ಬಿಡುವ ಕೆಲಸ. ಮೈಲುತುತ್ತು ಸುಣ್ಣದ ದ್ರಾವಣದ ಹನಿ ಗಾಳಿಯಲ್ಲಿ ತೇಲುವಾಗ ಅಮ್ಮ ಅಂಗಳದಲ್ಲಿ ಇರಬಾರದು. ಮದ್ದು ಬಿಡುವ ದಿನ ಒಳಗೆ ಕಿಟಕಿ ಹಾಕಿ ಕೂರಲಿ, ಇಲ್ಲ ಅಂದರೆ ಮಗಳ ಮನೆಗೋ ತವರಿಗೋ ಹೋಗಿ ಬರಲಿ. ಕೊರೊನಾಕ್ಕೆ ಹೆದರಿ ಆವಿ ಹಿಡಿಯುವುದನ್ನು ಜಾಸ್ತಿ ಮಾಡಬೇಡಿ. ಆವಿ ವೈರಸ್ ಕೊಲ್ಲುವುದಿಲ್ಲ. ಅದಕ್ಕೆ ನೀಲಗಿರಿ ಎಣ್ಣೆಯೋ ಬಾಮೋ ಹಾಕಿದರೆ ಆ ಗಾಟಿಗೇ ಕೆಲವರಿಗೆ ದಮ್ಮು ಶುರುವಾಗುತ್ತದೆ. ಕಷಾಯ ಕುಡಿಯಲಿ, ನನ್ನದೇನೂ ತಕರಾರಿಲ್ಲ.

ಒಂದು ವೇಳೆ ಅಮ್ಮನಿಗೆ ಜ್ವರ, ಮೈಕೈ ನೋವು, ಗಂಟಲು ಕೆರೆತ ಬಂದರೆ ತಡ ಮಾಡದೆ ಪರೀಕ್ಷೆ ಮಾಡಿಸಿ. ಎರಡೂ ಪಂಪ್ ಹಾಗೇ ಮುಂದುವರಿಯಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ ದಮ್ಮು ಇರುವ ಕೆಲವರಿಗೆ ಆಗುವುದಿಲ್ಲ. ದಮ್ಮಿನ ಏದುಸಿರು ಸುಂಯ್‌ಗುಟ್ಟುತ್ತದೆ, ನೀಲಿ ಪಂಪಿಗೆ ಬಗ್ಗುತ್ತದೆ. ಜ್ವರ ಬಂದು ನಾಲ್ಕೈದು ದಿನ ಕಳೆದ ಮೇಲೆ ಶುರುವಾಗಿ, ಪಂಪಿಗೂ ಬಗ್ಗದ ಏದುಸಿರಾದರೆ ಹುಷಾರು. ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೂ ಆಸ್ಪತ್ರೆಗೆ ಹೊರಡಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವೋ ಮದರಂಗಿಯೋ ಇದ್ದರೆ ಅದು ತಪ್ಪು ಲೆಕ್ಕ ತೋರಿಸಬಹುದು. ಬೆಚ್ಚಗೆ ಉಜ್ಜಿ, ಬೇರೆ ಬೆರಳಲ್ಲಿ ನೋಡಿ. ಕೊರೊನಾಕ್ಕೆಂದು ರಿಟೊನಾವಿರ್ ಇರುವ ಮಾತ್ರೆ ಬರೆದರೆ ಪಂಪಿನ ಹೆಸರನ್ನು ಡಾಕ್ಟರಿಗೆ ಹೇಳಲೇಬೇಕು. ಪಂಪಿನ ಕೆಲವು ಮದ್ದುಗಳ ಜೊತೆ ಅದು ಕೂಡಿ ಬರುವುದಿಲ್ಲ.

ಮನೆಯಲ್ಲಿ ಹಳೇ ಚೀಟಿ ನೋಡಿ ನೀವೇ ಸ್ಟೀರಾಯ್ಡ್ ಮಾತ್ರೆ ಶುರು ಮಾಡಬೇಡಿ. ಆಕ್ಸಿಜನ್ ಬೇಕಾದ ಕೊರೊನಾ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಗೊತ್ತಾಯಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಆದರೂ ಎರಡನೇ ಅಲೆಯಲ್ಲಿ ವಾಟ್ಸಾಪಿನ ಪಟ್ಟಿ ನೋಡಿ ಎಷ್ಟೋ ಜನ ನುಂಗಿದರು. ಶುಗರ್ ಇದ್ದವರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದರಲ್ಲಿ ಅದರ ಪಾಲೂ ಇತ್ತು. ಆದರೆ ದಮ್ಮು ಜೋರಾಗಿ ಡಾಕ್ಟರೇ ಐದು ದಿನದ ಮಾತ್ರೆ ಬರೆದರೆ ಕೊರೊನಾ ಹೆಸರು ಹೇಳಿ ಬಿಡಲೂಬಾರದು.

ಕೊನೆಗೆ ಒಂದು ಮಾತು. 2020ರ ಮಾರ್ಚ್ ಕೊನೆಯಲ್ಲಿ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನವರ ಪಾಡು ನಿಮಗೇ ಗೊತ್ತು. ಚಿಕಿತ್ಸೆ, ಮದ್ದು ಎರಡಕ್ಕೂ ಮಂಗಳೂರನ್ನೇ ನಂಬಿದವರು ದಾರಿಯಲ್ಲೇ ಉಳಿದರು. ಆಮೇಲೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನೇ ಕೊರೊನಾ ಆಸ್ಪತ್ರೆ ಮಾಡಬೇಕಾಯಿತು. ಮನೆಯಲ್ಲಿ ಒಂದು ತಿಂಗಳಿಗಾಗುವಷ್ಟು ಪಂಪ್ ಯಾವಾಗಲೂ ಇರಲಿ. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ 'ಶ್ವಾಸ್' ಕ್ಲಿನಿಕ್ ಇದೆಯಾ ಎಂದೂ ವಿಚಾರಿಸಿ. ದಮ್ಮಿನಂಥ ಉಸಿರಾಟದ ಕಾಯಿಲೆಗಳಿಗೆಂದೇ ಕೇರಳ ಸರ್ಕಾರ ಮಾಡಿದ್ದು ಅದು.

ಪ್ರಶ್ನೆ: ನನಗೆ ಧೂಳು, ಸಿಗಡಿ ಎರಡಕ್ಕೂ ಅಲರ್ಜಿ, ದಮ್ಮೂ ಇದೆ. ಕೊರೊನಾ ಲಸಿಕೆ, ಫ್ಲೂ ಲಸಿಕೆ ಹಾಕಿಸಬಹುದಾ?
– ಮಂಜೇಶ್ವರದಿಂದ

ಉತ್ತರ: ಹಾಕಿಸಬಹುದು. ಧೂಳು, ಸಿಗಡಿ ಅಡ್ಡಿ ಅಲ್ಲ. ಹಿಂದೆ ಅದೇ ಲಸಿಕೆಗೆ ಅಥವಾ ಅದರೊಳಗಿನ ವಸ್ತುವಿಗೆ ಮೈ ಊದಿ, ಉಸಿರು ಕಟ್ಟಿದ್ದರೆ ಮಾತ್ರ ಬೇಡ. ದಮ್ಮು ಕೆರಳಿರುವ ದಿನ ಬಿಟ್ಟು, ಶಾಂತವಾದ ಮೇಲೆ ಹೋಗಿ. ಫ್ಲೂ ಲಸಿಕೆ ವರ್ಷಕ್ಕೊಂದು ಸಲ, ಮಳೆ ಹಿಡಿಯುವ ಮೊದಲೇ ಆದರೆ ಒಳ್ಳೆಯದು.

ಪ್ರಶ್ನೆ: ಮಗನಿಗೆ ಎಂಟು ವರ್ಷ, ಆಗಾಗ ಉಬ್ಬಸ. ನೆಂಟರ ಮನೆಯ ನೆಬ್ಯುಲೈಸರ್ ತಂದು ಬಳಸುತ್ತೇವೆ. ಕೊರೊನಾ ಇರುವಾಗ ತೊಂದರೆಯಾ?
– ಕುಂಬಳೆಯಿಂದ

ಉತ್ತರ: ಕೊರೊನಾ ಇಲ್ಲದಾಗಲೂ ತೊಂದರೆಯೇ. ಒಂದೇ ಯಂತ್ರ, ಒಂದೇ ಮಾಸ್ಕ್ ಊರೆಲ್ಲ ಸುತ್ತುತ್ತದೆ, ನೆಟ್ಟಗೆ ತೊಳೆಯುವವರು ಯಾರೂ ಇಲ್ಲ. ಸೋಂಕು ಇದ್ದವರು ನೆಬ್ಯುಲೈಸರ್ ಹಾಕಿಕೊಂಡರೆ ಕೋಣೆಯಲ್ಲಿದ್ದವರಿಗೂ ಹರಡಬಹುದು ಎಂಬ ಅನುಮಾನವೂ ಇದೆ. ಪಂಪಿಗೆ ಸಿಕ್ಕಿಸುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಒಂದನ್ನು ಅವನಿಗೆಂದೇ ಕೊಳ್ಳಿ. ಸಾಮಾನ್ಯ ಉಬ್ಬಸಕ್ಕೆ ಅದು ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ. ಒರೆಸಿದರೆ ಮದ್ದು ಒಳಗಿನ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತದೆ.