ಕ್ಯಾರಿಯರ್ ತಡೆಯುತ್ತದೆ, ಆಕ್ಸಲ್ ತಡೆಯುತ್ತಾ?

ಪ್ರಶ್ನೆ: ನಮ್ಮದು ಆರು ಮೀಟರ್ ಉದ್ದದ ಪುಟ್ಟ ಮೋಟರ್‌ಹೋಮ್, ಫ್ರಂಟ್ ವೀಲ್ ಡ್ರೈವ್. ಒಂದು ಕಡೆ ಬಿಡಾರ ಹೂಡಿದ ಮೇಲೆ ಸಣ್ಣ ಸಾಮಾನು ತರಬೇಕೆಂದರೂ ಇಡೀ ಮನೆಯನ್ನೇ ಹೊರಡಿಸಬೇಕು. ಅದಕ್ಕೆ 110 ಕೆ.ಜಿ.ಯ ಬೈಕೊಂದನ್ನು ಹಿಂದೆ ಕಟ್ಟಿಕೊಂಡು ಹೋಗೋಣ ಅಂತ. ನೋಡಿಟ್ಟಿರುವ ಕ್ಯಾರಿಯರ್ 30 ಕೆ.ಜಿ. ಇದೆ, 150 ಕೆ.ಜಿ. ಹೊರುತ್ತದೆ ಎಂದು ಅದರ ಮೇಲೇ ಬರೆದಿದೆ. ಅಷ್ಟು ಸಾಕಲ್ವಾ?

ಉತ್ತರ: ಸಾಲದು. ಕ್ಯಾರಿಯರ್ ಮೇಲೆ ಬರೆದಿರುವುದು ಕ್ಯಾರಿಯರ್‌ನ ಶಕ್ತಿ, ನಿಮ್ಮ ಗಾಡಿಯದಲ್ಲ.

ಬೈಕು ಕೂರುವುದು ಹಿಂದಿನ ಚಕ್ರಕ್ಕಿಂತ ಎಷ್ಟೋ ಆಚೆ. ಅಲ್ಲಿ ಅದು ಸನ್ನೆಗೋಲಿನ ತುದಿಗೆ ನೇತುಬಿದ್ದ ಹಾಗೆ. ಒಂದು ಲೆಕ್ಕ ನೋಡಿ: ಎರಡು ಆಕ್ಸಲ್‌ಗಳ (ಚಕ್ರಗಳು ಕೂರುವ ಅಚ್ಚುಗಳ) ನಡುವೆ 3.5 ಮೀಟರ್, ಹಿಂದಿನ ಆಕ್ಸಲ್‌ನಿಂದ ಬೈಕಿನ ಮಧ್ಯಕ್ಕೆ 2 ಮೀಟರ್ ಇದೆ ಎಂದುಕೊಳ್ಳಿ. ಬೈಕು, ಕ್ಯಾರಿಯರ್ ಸೇರಿ 140 ಕೆ.ಜಿ. ಆದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 140 ಅಲ್ಲ, 220 ಕೆ.ಜಿ. ಉಳಿದ 80 ಎಲ್ಲಿಂದ ಬಂತು ಅಂದರೆ, ಮುಂದಿನ ಚಕ್ರಗಳಿಂದ ಎತ್ತಿಕೊಂಡು ಬಂತು. ನಿಮ್ಮ ಗಾಡಿಯನ್ನು ಎಳೆಯುವುದೂ ತಿರುಗಿಸುವುದೂ ಅವೇ ಚಕ್ರಗಳು, ಬ್ರೇಕಿನ ದೊಡ್ಡ ಪಾಲೂ ಅವುಗಳದ್ದೇ. ಒದ್ದೆ ಏರಿನಲ್ಲಿ ಅವು ಸುಮ್ನೆ ತಿರುಗುತ್ತಾ ನಿಂತರೆ ಆಶ್ಚರ್ಯವೇನಿಲ್ಲ.

ಆದ್ದರಿಂದ ಕ್ಯಾರಿಯರ್ ಕೊಳ್ಳುವ ಮೊದಲು ಗಾಡಿಗಳನ್ನೇ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಖಾಲಿ ಗಾಡಿ ತೂಗಿಸಿದರೆ ಪ್ರಯೋಜನವಿಲ್ಲ. ನೀರು, ಗ್ಯಾಸ್, ಬಟ್ಟೆಬರೆ, ಹೋಗುವ ಜನ ಎಲ್ಲರೂ ಇರಬೇಕು. ಒಮ್ಮೆ ಇಡೀ ಗಾಡಿ, ಆಮೇಲೆ ಒಂದೊಂದೇ ಆಕ್ಸಲ್. ಗಾಡಿಯ ತಯಾರಕರ ಫಲಕದಲ್ಲಿ ಒಟ್ಟು ತೂಕದ ಮಿತಿಯ ಜೊತೆಗೆ ಪ್ರತಿ ಆಕ್ಸಲ್‌ನ ಮಿತಿಯೂ ಇರುತ್ತದೆ, ಅದರೊಂದಿಗೆ ಹೋಲಿಸಿ. ಚಿಕ್ಕ ಗಾಡಿಗಳಲ್ಲಿ ಒಟ್ಟು ತೂಕ ಮಿತಿಯೊಳಗೇ ಇದ್ದು ಹಿಂದಿನ ಆಕ್ಸಲ್ ಮಾತ್ರ ಮೀರಿರುವುದು ಉಂಟು. ಟೈರ್ ಎಷ್ಟು ಹೊರಬಲ್ಲದು, ಆ ಭಾರಕ್ಕೆ ಎಷ್ಟು ಗಾಳಿ ಬೇಕು ಎನ್ನುವುದನ್ನೂ ನೋಡಿಬಿಡಿ. ನೀರಿನ ಟ್ಯಾಂಕ್ ಖಾಲಿ ಮಾಡಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. 100 ಲೀಟರ್ ಅಂದರೆ 100 ಕೆ.ಜಿ. ಉಳಿತಾಯ, ನಿಜ. ಆದರೆ ಟ್ಯಾಂಕ್ ಮುಂದಿನ ಸೀಟುಗಳ ಹತ್ತಿರ ಇದ್ದರೆ ಮೊದಲೇ ಹಗುರಾದ ಮುಂಭಾಗ ಇನ್ನಷ್ಟು ಹಗುರಾಗುತ್ತದೆ!

ತೂಕ ಸರಿ ಬಂದರೂ ಕ್ಯಾರಿಯರನ್ನು ಯಾವುದಕ್ಕೆ ಬಿಗಿಯುತ್ತಾರೆ ಎಂದು ಬಗ್ಗಿ ನೋಡಿ. ಗಾಡಿಯ ಅಡಿಯ ಗಟ್ಟಿ ಚೌಕಟ್ಟಿಗೇ, ಅಂದರೆ ಚಾಸಿಸ್‌ಗೇ ಸೇರಬೇಕು. ಹಿಂಬದಿಯ ಗೋಡೆಗೆ ಬೋಲ್ಟ್ ಹಾಕುವವರ ಹತ್ತಿರ ಹೋಗಲೇಬೇಡಿ. ಹಿಂದಿನ ದೀಪ, ನಂಬರ್ ಪ್ಲೇಟ್ ಮರೆಯಾದರೆ ಕ್ಯಾರಿಯರ್ ಮೇಲೆ ಮತ್ತೆ ಹಾಕಿಸಬೇಕು.

ನನ್ನನ್ನು ಕೇಳಿದರೆ, ನಿಮ್ಮ ಗಾಡಿಗೆ ಸಣ್ಣ ಟ್ರೇಲರ್ ವಾಸಿ. ಬೈಕಿನ ಭಾರವನ್ನು ಅದರ ಚಕ್ರಗಳೇ ಹೊರುತ್ತವೆ, ಗಾಡಿಯ ಕೊಂಡಿಯ ಮೇಲೆ ಬೀಳುವುದು ಸ್ವಲ್ಪವೇ. ಹಾಗಂತ ಆ ಸ್ವಲ್ಪ ಭಾರ ಇಲ್ಲದಂತೆ ಮಾಡಬೇಡಿ. ಬೈಕನ್ನು ಟ್ರೇಲರ್ ಆಕ್ಸಲ್‌ಗಿಂತ ತುಸು ಮುಂದಕ್ಕೆ ನಿಲ್ಲಿಸಿ. ಹಿಂದಕ್ಕೆ ಭಾರವಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ, ಅದು ಗಾಡಿಯನ್ನೇ ಆಡಿಸಿಬಿಡಬಹುದು. ರಿವರ್ಸ್ ತೆಗೆಯುವುದು ಮೊದಮೊದಲು ತಲೆನೋವು, ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಗಾಡಿಗೆ ಎಳೆಯುವ ಅನುಮತಿ ಎಷ್ಟಿದೆ ಎಂದು ಮೊದಲು ನೋಡಬೇಕು, ಅಷ್ಟೆ.

ಪ್ರಶ್ನೆ: ಟ್ರೇಲರ್ ಮೇಲೆ ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ಒಂದೇ ಹಗ್ಗದಲ್ಲಿ ಬಿಗಿದರೆ ಆಗದೇ?

ಉತ್ತರ: ಬೇಡ. ಸ್ಟ್ಯಾಂಡ್ ಮಡಚಿ ನೆಟ್ಟಗೆ ನಿಲ್ಲಿಸಿ, ಮುಂದಿನ ಚಕ್ರವನ್ನು ಅಲುಗದಂತೆ ಹಿಡಿಯುವ ವೀಲ್ ಚಾಕ್‌ನಲ್ಲಿ ಕೂರಿಸಿ. ಮುಂದೆ ಎರಡು, ಹಿಂದೆ ಎರಡು ಸ್ಟ್ರ್ಯಾಪ್ ಬೇಕು, ನಾಲ್ಕೂ ಕೆಳಮುಖವಾಗಿ ಹೊರಗಡೆಗೆ ಎಳೆಯಬೇಕು. ಮುಂದಿನ ಚಕ್ರವನ್ನು ಹಿಡಿದಿರುವ, ಸ್ಪ್ರಿಂಗ್ ಇರುವ ಫೋರ್ಕ್ ಅರ್ಧದಷ್ಟು ತಗ್ಗಿದರೆ ಸಾಕು, ಪೂರ್ತಿ ಅದುಮಿದರೆ ಎಣ್ಣೆ ಸೋರದಂತೆ ತಡೆಯುವ ಸೀಲ್ ಹಾಳಾಗಬಹುದು, ತೀರಾ ಸಡಿಲ ಬಿಟ್ಟರೆ ಗುಂಡಿಯಲ್ಲಿ ಬೈಕು ಕುಸಿದಾಗ ಕೊಕ್ಕೆ ಕಳಚುತ್ತದೆ. ಹ್ಯಾಂಡಲ್ ಹಿಡಿಗೆ, ಕನ್ನಡಿಗೆ ಕಟ್ಟುವವರನ್ನು ನೋಡಿದ್ದೇನೆ. ಕಟ್ಟಬೇಕಾದ್ದು ಫೋರ್ಕ್‌ನ ಕೆಳಗಿನ ಕ್ಲ್ಯಾಂಪಿಗೆ ಮತ್ತು ಫ್ರೇಮಿಗೆ. ಹೊರಟು ಹತ್ತಿಪ್ಪತ್ತು ಕಿಲೋಮೀಟರ್ ಆದಮೇಲೆ ಒಮ್ಮೆ ನಿಲ್ಲಿಸಿ ಸ್ಟ್ರ್ಯಾಪ್‌ಗಳನ್ನು ಎಳೆದು ನೋಡಿ, ಸಾಮಾನ್ಯವಾಗಿ ಒಂದಾದರೂ ಸಡಿಲವಾಗಿರುತ್ತದೆ.